ಬುಟ್ಟಿಯ ತಳದ ಕಿಂಡಿ

"ಮೇಷ್ಟ್ರೇ, ಯಾರೂ ಕಣ್ಣಾರೆ ಕಾಣದ ಸಂಗತಿಯನ್ನು ನಿಜ ಎಂದು ಮಕ್ಕಳಿಗೆ ಹೇಗೆ ಹೇಳಲಿ?"

ಕೇಳಿದವಳು ಚೆಲುವಾಂಬೆ. ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸಲು ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಕೇಳಿಸಿಕೊಂಡವರು ಶಾಂತಯ್ಯ ಮೇಷ್ಟ್ರು. ಅದೇ ಪಾಠವನ್ನು ನಲವತ್ತು ವರ್ಷ ಹೇಳಿ ನಿವೃತ್ತರಾದವರು. ಒಂದು ಕಾಲಕ್ಕೆ ಅವಳಿಗೂ ಹೇಳಿದವರು. ಭಾನುವಾರದ ಬೆಳಗ್ಗೆ ಅವರ ಮನೆಯ ಜಗಲಿಯಲ್ಲಿ ಕುಳಿತು ವಾರದ ಸಂಶಯಗಳನ್ನು ಬಿಚ್ಚುವುದು ಅವಳ ರೂಢಿ.

"ಏನಾಯಿತು, ಮೊದಲಿಂದ ಹೇಳು" ಎಂದರು ಮೇಷ್ಟ್ರು. ಅರ್ಧ ಕೇಳಿದ ಪ್ರಶ್ನೆಗೆ ಅವರು ಉತ್ತರ ಕೊಡುತ್ತಿರಲಿಲ್ಲ.

ಅವಳು ಹೇಳಿದಳು. ಜೀವವಿಕಾಸದ ಪಾಠ ನಡೆದಿತ್ತು. ಬಾವಲಿಯ ರೆಕ್ಕೆ, ತಿಮಿಂಗಿಲದ ಈಜುರೆಕ್ಕೆ, ಮನುಷ್ಯನ ಕೈ, ಈ ಮೂರರಲ್ಲೂ ಮೂಳೆಗಳ ಜೋಡಣೆ ಒಂದೇ ಎಂದು ಹಲಗೆಯ ಮೇಲೆ ಬರೆದು ತೋರಿಸಿದ್ದಳು. ಇವುಗಳ ಮೂಲವೂ ಒಂದೇ ಎಂದಿದ್ದಳು. ಆಗ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, "ನೋಡಿದವರು ಯಾರು ಮಿಸ್?" ಎಂದು ಕೇಳಿದಳು. ತುಂಟತನಕ್ಕಲ್ಲ. ತಿಳಿಯಬೇಕೆಂದೇ ಕೇಳಿದ್ದಳು.

"ನೀನೇನು ಹೇಳಿದೆ?"

"ಪುಸ್ತಕದಲ್ಲಿದೆ, ಬರೆದುಕೋ ಅಂದೆ." ಚೆಲುವಾಂಬೆ ನೆಲ ನೋಡಿದಳು. "ಆಮೇಲೆ ಆ ಮಗು ಏನೂ ಕೇಳಲಿಲ್ಲ ಮೇಷ್ಟ್ರೇ. ಇಡೀ ವಾರ ಒಂದು ಮಾತೂ ಕೇಳಲಿಲ್ಲ. ನಾಳೆ ಮತ್ತೆ ಅವಳ ಮುಂದೆ ನಿಲ್ಲಬೇಕು."

"ಅದು ಉತ್ತರವಲ್ಲ. ಮುಖಕ್ಕೆ ಬಾಗಿಲು ಹಾಕಿದ್ದು" ಎಂದರು ಮೇಷ್ಟ್ರು.

ಮೇಷ್ಟ್ರ ದನಿ ಮೆತ್ತಗಾಯಿತು.

"ನಿನಗೆ ನಾಚಿಕೆಯಾಗಿದೆ. ಬೈಯುವುದಕ್ಕೆ ಇನ್ನು ನನಗೇನೂ ಉಳಿದಿಲ್ಲ. ಒಂದು ಕತೆ ಹೇಳುತ್ತೇನೆ. ಮುಗಿಯುವವರೆಗೆ ಬಾಯಿ ಹಾಕಬೇಡ."

*

ಒಂದು ಬೆಟ್ಟ. ಬೆಟ್ಟದ ಮಗ್ಗುಲಲ್ಲಿ ಬಿದಿರು ಮೆಳೆಗಳು. ಮೆಳೆಗಳ ಕೆಳಗೆ ಬುಟ್ಟಿ ಹೆಣೆಯುವವರ ಊರು. ಇಪ್ಪತ್ತೆರಡು ಮನೆ. ಅವರಿಗೆ ಒಬ್ಬ ಯಜಮಾನ.

ಯಜಮಾನ ಕಟ್ಟುನಿಟ್ಟಿನ ಮನುಷ್ಯ. ಮೂರು ವರ್ಷ ತುಂಬದ ಬಿದಿರಿಗೆ ಮಚ್ಚು ಹಾಕಿದರೆ ಒಡಹುಟ್ಟಿದ ತಮ್ಮನನ್ನೂ ಬಿಡುವವನಲ್ಲ. ಒಮ್ಮೆ ಬಿಟ್ಟಿರಲೂ ಇಲ್ಲ. ಒಂದು ವರ್ಷ ಪೂರ್ತಿ ಅವನು ಮೆಳೆಯ ಹತ್ತಿರ ಸುಳಿಯದಂತೆ ಮಾಡಿದ್ದ. ಆ ವರ್ಷವೆಲ್ಲ ತಮ್ಮನ ಮಕ್ಕಳು ಉಂಡದ್ದು ಯಜಮಾನನ ಮನೆಯಲ್ಲೇ. ಅದನ್ನು ಅವನು ಯಾರ ಮುಂದೆಯೂ ಆಡಿದವನಲ್ಲ.

ಆ ಊರಿಗೊಂದು ಕಟ್ಟಳೆಯಿತ್ತು. ಮೆಳೆಗೆ ತಮ್ಮ ಕುಲದವರ ಮಚ್ಚು ಮಾತ್ರ ತಾಗಬೇಕು. ಹೊರಗಿನವರು ಅನ್ನ ಕೇಳಿದರೆ ಕೊಡಬಹುದು. ಬುಟ್ಟಿ ಕೇಳಿದರೆ ಕೊಡಬಹುದು. ಬಿದಿರು ಕೊಡುವ ಹಾಗಿಲ್ಲ. ಕೇಳುವವರಿಗೆ ಕಟ್ಟಳೆ ಕಠಿಣ ಎನಿಸುತ್ತಿತ್ತು. ಸುತ್ತಲ ಬೆಟ್ಟಗಳೆಲ್ಲ ಬೋಳಾಗಿ, ಇದೊಂದರಲ್ಲಿ ಮೆಳೆ ಉಳಿದದ್ದು ಅದರಿಂದಲೇ ಎಂಬುದು ಯಜಮಾನನಿಗೆ ಗೊತ್ತಿತ್ತು.

ಅವರಲ್ಲಿ ಒಂದು ನಂಬಿಕೆಯೂ ಇತ್ತು. ತಮ್ಮ ಕುಲ ಈ ಬೆಟ್ಟದ ಮೊದಲ ಬಿದಿರಿನ ಬೇರಿನಿಂದ ಎದ್ದು ಬಂದದ್ದು. ಇಲ್ಲಿಂದ ಯಾರೂ ಹೋದವರಿಲ್ಲ, ಇಲ್ಲಿಗೆ ಯಾರೂ ಬಂದವರಿಲ್ಲ.

ಒಂದು ಬೇಸಗೆಯಲ್ಲಿ ಹೊಳೆಯ ಕಡೆಯಿಂದ ಹನ್ನೊಂದು ಜನ ಬೆಟ್ಟ ಹತ್ತಿ ಬಂದರು. ಅವರ ಮುಂದೆ ಒಬ್ಬ ಹೆಂಗಸು. ಬೆನ್ನಿಗೆ ಕಟ್ಟಿದ ಕೂಸು, ತಲೆಯ ಮೇಲೆ ಅಗಲವಾದ ಬುಟ್ಟಿ. ಹೊಂಗೆಮರದ ಕೆಳಗೆ ಬುಟ್ಟಿ ಇಳಿಸಿ ಅವಳು ಹೇಳಿದಳು:

"ನಮ್ಮ ಬಿದಿರು ಹೂ ಬಿಟ್ಟಿತು."

ನೆರೆದವರ ಕೈಕೆಲಸ ನಿಂತಿತು. ಬಿದಿರು ಆಯುಸ್ಸಿಗೆ ಒಮ್ಮೆ ಹೂ ಬಿಡುತ್ತದೆ. ಬಿಟ್ಟರೆ ಇಡೀ ವನ ಒಟ್ಟಿಗೆ ಒಣಗಿ ನಿಲ್ಲುತ್ತದೆ. ಬುಟ್ಟಿ ಹೆಣೆಯುವವರಿಗೆ ಬೇರೆ ಏನನ್ನೂ ವಿವರಿಸಬೇಕಿಲ್ಲ.

"ಒಂದು ವರ್ಷ ಬಿದಿರಕ್ಕಿ ತಿಂದು ಕಳೆದೆವು. ಹೊಸ ಮೊಳಕೆ ಮಚ್ಚಿಗೆ ಬರೋಕೆ ಹತ್ತು ವರ್ಷವಾದರೂ ಬೇಕು. ಅಲ್ಲೀವರೆಗೆ ನಿಮ್ಮ ಮೆಳೇಲಿ ನಮಗೊಂದು ಪಾಲು ಕೊಡಿ" ಎಂದಳು ಅವಳು. "ನಾವು ಹೊರಗಿನವರಲ್ಲ ಅಣ್ಣ. ಈ ಬೆಟ್ಟದಿಂದಲೇ ಇಳಿದು ಹೋದವರು ಅಂತ ನಮ್ಮಜ್ಜಿ ಹೇಳ್ತಿದ್ದಳು."

ಆಗ ಜನ ನಕ್ಕರು. ಮೊರ ಹೆಣೆಯುವವನೊಬ್ಬ ಇದ್ದ, ನಾಲಿಗೆ ಉದ್ದದವನು. "ಮೆಳೆ ಕಂಡ ಕೂಡಲೆ ಅಣ್ಣ ಆಗಿಬಿಟ್ವಲ್ಲವ್ವ! ಸ್ವಲ್ಪ ಹೊತ್ತು ಬಿಟ್ರೆ ಸೋದರಮಾವ ಆಗ್ತೀವೇನೋ" ಎಂದ.

ಯಜಮಾನ ನಗಲಿಲ್ಲ. "ಇಲ್ಲಿಂದ ಇಳಿದು ಹೋದದ್ದನ್ನು ನೋಡಿದವರು ಯಾರಿದ್ದಾರೆ?" ಎಂದು ಕೇಳಿದ.

"ನೋಡಿದವರು ಎಲ್ಲಿರ್ತಾರೆ ಅಣ್ಣ? ಎಷ್ಟು ತಲೆಮಾರಿನ ಮಾತೋ."

"ಹಾಗಾದರೆ ಯಾವುದನ್ನು ಹಿಡಿದು ನಂಬಲಿ?"

ಅವಳು ಬೆನ್ನಿನ ಕೂಸನ್ನು ಮುಂದಕ್ಕೆ ತೆಗೆದುಕೊಂಡಳು.

"ಇಲ್ಲ ಅಂದ್ರೆ ಇಟ್ಟಿಗೆ ಗೂಡಿಗೆ ಹೋಗ್ತೀವಿ. ಕೂಲಿ ಸಿಗುತ್ತೆ, ಸಾಯೋದಿಲ್ಲ. ಆದರೆ ಈ ಮಗಳ ಕೈಗೆ ಇನ್ನು ಬಿದಿರ ದಬ್ಬೆ ಸಿಕ್ಕೋದಿಲ್ಲ. ನಮ್ಮ ಹೆಣಿಗೆ ನನ್ನ ಕೈಗೇ ಮುಗೀತು."

ಅಷ್ಟು ಹೊತ್ತಿಗೆ ಯಜಮಾನನ ಹೆಂಡತಿ ಒಲೆಗೆ ದೊಡ್ಡ ಪಾತ್ರೆ ಏರಿಸಿ ಆಗಿತ್ತು. ಒಬ್ಬರು ಕೊಂಕು ತೆಗೆದರು: "ತೀರ್ಮಾನ ಆಗೋದಕ್ಕೆ ಮೊದಲೇ ಗಂಜಿಯೇ?"

"ಗಂಜಿಗೆ ಸಾಕ್ಷಿ ಬೇಡ. ಮೆಳೆಗೆ ಬೇಕು" ಎಂದ ಯಜಮಾನ. "ನಾಳೆ ಮಧ್ಯಾಹ್ನದೊಳಗೆ ಹೇಳುತ್ತೇನೆ."

ಮರುದಿನ ಬೆಳಗ್ಗೆ ಊರೆಲ್ಲ ಹೊಂಗೆಮರದ ಕೆಳಗೆ ಸೇರಿತು. ಯಜಮಾನ ಎರಡೂ ಕಡೆಯ ಬುಟ್ಟಿಗಳನ್ನು ಅಕ್ಕಪಕ್ಕ ಇಡಿಸಿದ. ಬೆಟ್ಟದವರ ಬುಟ್ಟಿ ಆಳ, ಬಾಯಿ ಕಿರಿದು. ಬೆನ್ನಿಗೆ ಹಾಕಿ ಏರು ಹತ್ತುವಾಗ ಕಾಳು ಚೆಲ್ಲಬಾರದು. ಹೊಳೆಯವರ ಬುಟ್ಟಿ ಅಗಲ, ಆಳವೇ ಇಲ್ಲ. ಮೀನು ಹರಡಿ ನೀರು ಬಸಿಯಬೇಕು, ತಲೆಯ ಮೇಲೆ ಅಲುಗದೆ ಕೂರಬೇಕು.

"ತಟ್ಟೆಗೂ ಕೊಡಕ್ಕೂ ಮದುವೆ ಮಾಡಿಸ್ತಾ ಇದೀರಾ ಯಜಮಾನರೇ?" ಎಂದ ಮೊರದವನು. ಜನ ಮತ್ತೆ ನಕ್ಕರು.

ಹೊಳೆಯವರಲ್ಲಿ ಒಬ್ಬ ಮುದುಕ ಮುಂದೆ ಬಂದು ಬುಟ್ಟಿಯ ಅಂಚು ಮುಟ್ಟಿ ತೋರಿಸಿದ. "ಇಲ್ಲಿ ನೋಡಿ. ನೀವೂ ಅಂಚಿಗೆ ಮೂರು ಸುತ್ತು ಕಟ್ತೀರಿ. ನಾವೂ ಮೂರು ಸುತ್ತೇ."

ಯಜಮಾನ ನೋಡಿದ. ನಿಜ. ಒಳಗೆಲ್ಲೋ ಆಸೆಯಂಥದು ಮೂಡಿತು. ಹೆಂಡತಿಯ ಸೊಂಟದಲ್ಲಿ ಆ ಕೂಸು ಆಗಲೇ ಒಗ್ಗಿಕೊಂಡಿದ್ದು ಅವನ ಕಣ್ಣಿಗೆ ಬಿದ್ದಿತ್ತು. ಆಸೆ ಮೂಡಿತೆಂದೇ ಅವನು ಇನ್ನಷ್ಟು ಬಿಗಿಯಾದ.

"ಎರಡು ಸುತ್ತು ಕಟ್ಟಿದರೆ ಅಂಚು ಬಿಚ್ಚುತ್ತದೆ. ನಾಲ್ಕು ಕಟ್ಟಿದರೆ ದಬ್ಬೆ ದಂಡ. ಬುದ್ಧಿಯಿರುವವನು ಎಲ್ಲಿ ಕೂತು ಹೆಣೆದರೂ ಮೂರಕ್ಕೇ ಬಂದು ನಿಲ್ಲುತ್ತಾನೆ. ಅದು ಕೆಲಸ ಕಲಿಸುವ ಪಾಠ. ಅದರಿಂದ ನೆಂಟಸ್ತಿಕೆ ಹೇಳಲಾಗದು, ತಾತ" ಎಂದ.

"ಅಲ್ಲವೇ ಮತ್ತೆ!" ಎಂದ ಮೊರದವನು. "ಗೀಜಗನ ಹಕ್ಕಿಯೂ ಹೆಣೆಯುತ್ತೆ. ಅದನ್ನೂ ನೆಂಟ ಅಂತ ಪಂಕ್ತೀಲಿ ಕೂರಿಸೋಣವೇ?"

*

ಇಲ್ಲಿ ಚೆಲುವಾಂಬೆ ಏನೋ ಹೇಳಲು ಹೋದಳು. ಮೇಷ್ಟ್ರು ಬೆರಳೆತ್ತಿದರು.

*

ಯಜಮಾನ ಹೊಳೆಯ ಹೆಂಗಸನ್ನು ಕರೆದ. "ಮಾಡಿ ಮುಗಿಸಿದ್ದನ್ನು ನೋಡಿದರೆ ಸಾಲದು. ಮಾಡುವುದನ್ನು ನೋಡಬೇಕು. ಇಲ್ಲೇ ಕೂತು ತಳದಿಂದ ಶುರು ಮಾಡು" ಎಂದ. ತನ್ನ ಮನೆಯ ಸೀಳಿದ ದಬ್ಬೆಗಳನ್ನೇ ತರಿಸಿ ಕೊಟ್ಟ.

ಅವಳು ಕುಳಿತಳು. ದಬ್ಬೆ ಕೈಗೆ ಸಿಕ್ಕಿ ಎಷ್ಟು ತಿಂಗಳಾಗಿತ್ತೋ. ಒಂದನ್ನು ಮೂಗಿಗೆ ಹಿಡಿದು ವಾಸನೆ ನೋಡಿದಳು. ಆಮೇಲೆ ಉದ್ದ ದಬ್ಬೆಗಳನ್ನು ಹರಡಿ, ಕಾಲಿನಿಂದ ಒತ್ತಿ ಹಿಡಿದು, ಅಡ್ಡ ದಬ್ಬೆಗಳನ್ನು ತೂರಿಸತೊಡಗಿದಳು. ಒಂದರ ಮೇಲೆ, ಒಂದರ ಕೆಳಗೆ. ಒಂದರ ಮೇಲೆ, ಒಂದರ ಕೆಳಗೆ. ಕೈ ಪಳಗಿತ್ತು. ಯಾರೂ ಅದರಲ್ಲಿ ಹೊಸದೇನನ್ನೂ ಕಾಣಲಿಲ್ಲ.

ಒಂಬತ್ತನೆಯ ದಬ್ಬೆ ಬಂತು. ಅವಳ ಎಡಗೈಯ ಕಿರುಬೆರಳು ಅಂಗೈಯೊಳಕ್ಕೆ ಮಡಿಚಿಕೊಂಡಿತು. ದಬ್ಬೆ ಒಂದನ್ನು ದಾಟುವ ಬದಲು ಎರಡನ್ನು ದಾಟಿತು. ತಳದ ಮೂಲೆಯಲ್ಲಿ ಬೆರಳ ತುದಿಯಷ್ಟು ಒಂದು ಕಿಂಡಿ ಬಿತ್ತು. ಬೆರಳು ಮತ್ತೆ ಬಿಚ್ಚಿಕೊಂಡಿತು. ಹೆಣಿಗೆ ಮುಂದುವರಿಯಿತು.

ಯಜಮಾನ ತನ್ನ ಮಡಿಲು ನೋಡಿಕೊಂಡ. ಅವನ ಎಡಗೈಯ ಕಿರುಬೆರಳೂ ಮಡಿಚಿಕೊಂಡಿತ್ತು. ಮಡಿಚು ಎಂದು ಈಗ ಅದಕ್ಕೆ ಯಾರೂ ಹೇಳಿರಲಿಲ್ಲ.

ಅವನಿಗೆ ತನ್ನ ಅಪ್ಪನ ನೆನಪಾಯಿತು. ಏಳು ವರ್ಷದವನಿದ್ದಾಗ ಮೊದಲ ಬುಟ್ಟಿಯ ತಳ ಹಾಕಿಸಿದವನು ಅಪ್ಪ. ಒಂಬತ್ತನೆಯ ದಬ್ಬೆಗೆ ಬಂದಾಗ ಅವನ ಕಿರುಬೆರಳಿನ ಮೇಲೆ ಸಿಬಿರಿನಿಂದ ಮೆಲ್ಲನೆ ತಟ್ಟಿದ್ದ. ಮಡಿಚು ಎಂದಿದ್ದ. ಯಾಕಪ್ಪ ಎಂದರೆ, "ಒಳಗಿರೋ ಧಾನ್ಯದ ತಾಯಿ ಉಸಿರಾಡಬೇಡವೇ? ಅದಕ್ಕೊಂದು ಕಿಂಡಿ" ಎಂದಿದ್ದ. ಬುಟ್ಟಿ ಮುಗಿದ ಮೇಲೆ ರಾಗಿ ಸೋರದಂತೆ ಆ ಕಿಂಡಿಗೆ ಅಪ್ಪನೇ ಸಗಣಿ ಮೆತ್ತಿದ್ದ. ಉಸಿರಾಡುವ ಕಿಂಡಿಯನ್ನು ಮುಚ್ಚುವುದು ಯಾಕೆ ಎಂದು ಹುಡುಗನಿಗೆ ಅನಿಸಿತ್ತು. ಕೇಳಿರಲಿಲ್ಲ. ಮುಂದೆ ತನ್ನ ಮಗಳಿಗೆ ಕಲಿಸುವಾಗ ಅವಳ ಕಿರುಬೆರಳಿನ ಮೇಲೂ ಅವನು ಹಾಗೆಯೇ ಮೆಲ್ಲನೆ ತಟ್ಟಿದ್ದ.

"ನಿಲ್ಲಿಸು" ಎಂದ ಯಜಮಾನ.

ಹೆಂಗಸು ಹೆದರಿದಳು. ಏನೋ ತಪ್ಪಾಯಿತು ಅಂದುಕೊಂಡಳು.

"ಅಲ್ಲಿ ಎರಡು ಯಾಕೆ ದಾಟಿಸಿದೆ?"

"ಅಲ್ಲಿ ಎರಡೇ ಅಲ್ವಾ ಅಣ್ಣ?" ಎಂದಳು. "ಇಲಿಗೆ ಬಿಟ್ಟ ದಾರಿ ಅಂತ ನಮ್ಮಜ್ಜಿ ಹೇಳೋಳು. ಸಣ್ಣ ಜೀವಕ್ಕೂ ಒಂದು ತುತ್ತು ಸಿಗಲಿ ಅಂತ."

"ಆಮೇಲೆ?"

"ಆಮೇಲೆ ಮರದ ಅಂಟು ಮೆತ್ತಿ ಮುಚ್ಚಿಬಿಡ್ತೀವಿ. ಇಲ್ಲದಿದ್ರೆ ಸಣ್ಣ ಮೀನೆಲ್ಲ ಜಾರುತ್ತೆ."

"ಬೆರಳು ಯಾಕೆ ಮಡಿಚಿದೆ?"

ಅವಳು ತನ್ನ ಎಡಗೈಯನ್ನು ಹೊಸದಾಗಿ ನೋಡುವವಳಂತೆ ನೋಡಿದಳು. "ಮಡಿಚಿದ್ನಾ?" ಎಂದಳು.

ನೆರೆದವರಲ್ಲಿ ಬೇರೆ ಯಾರೂ ಅದನ್ನು ಗಮನಿಸಿರಲಿಲ್ಲ. ದಿನಾ ತಾವೇ ಮಾಡುವ ಕೆಲಸ, ಕಣ್ಣಿಗೆ ಬಿದ್ದಿರಲಿಲ್ಲ. ಯಜಮಾನ ಸುಮ್ಮನಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಇಪ್ಪತ್ತೆರಡು ಮನೆಗೆ ಸಾಲುವ ಮೆಳೆ. ಅದರಲ್ಲಿ ಇನ್ನೂ ಹನ್ನೊಂದು ಜನ. ತನ್ನ ಮಗಳ ಪಾಲೂ ಅಷ್ಟು ಕಡಿಮೆಯಾಗುತ್ತದೆ. ಎಲ್ಲವೂ ಅವನಿಗೆ ಗೊತ್ತಿತ್ತು. ಆದರೆ ಕುಲದವರಲ್ಲದವರಿಗೆ ಕೊಡಬಾರದು ಎಂಬ ಕಟ್ಟಳೆಯೇ ಕುಲದವರಿಗೆ ಇಲ್ಲ ಎನ್ನಬಾರದು ಎಂದೂ ಹೇಳುತ್ತದೆ. ತನಗೆ ಅನುಕೂಲವಾದ ಕಡೆ ಮಾತ್ರ ಕಟ್ಟುನಿಟ್ಟಾಗಿರುವುದು ಅವನಿಗೆ ಬರುತ್ತಿರಲಿಲ್ಲ.

ಅವನು ಎದ್ದು ಎರಡೂ ಕಡೆಯ ಬುಟ್ಟಿಗಳನ್ನು ಬೋರಲು ಹಾಕಿದ. "ಹತ್ತಿರ ಬಂದು ನೋಡಿ" ಎಂದ.

ನೋಡಿದರು. ಒಂದಕ್ಕೆ ಸಗಣಿ, ಇನ್ನೊಂದಕ್ಕೆ ಅಂಟು. ಕೆರೆದಾಗ ಎರಡರಲ್ಲೂ ಅದೇ ಮೂಲೆಯಲ್ಲಿ ಅದೇ ಕಿಂಡಿ.

ಮೊರದವನು ಬಗ್ಗಿ ನೋಡಿದ. ಅವನೂ ದಡ್ಡನಲ್ಲ. "ಅಂಚಿನ ಮೂರು ಸುತ್ತು ಇಬ್ಬರಿಗೂ ಬೇರೆ ಬೇರೆಯಾಗಿ ಹೊಳೆದಿರಬಹುದು ಅಂತ ನೀವೇ ಅಂದಿರಿ. ಇದೂ ಹಾಗೇ ಯಾಕಾಗಿರಬಾರದು?" ಎಂದ.

"ಒಳ್ಳೆಯ ಮಾತು ಕೇಳಿದೆ" ಎಂದ ಯಜಮಾನ. "ಅಂಚು ಬುಟ್ಟಿಯನ್ನು ಹಿಡಿದಿಡುತ್ತದೆ. ಈ ಕಿಂಡಿಯಿಂದ ಏನು ಬಂತು? ಮೊದಲು ಬಿಡುತ್ತೇವೆ, ಆಮೇಲೆ ಕೂತು ಮುಚ್ಚುತ್ತೇವೆ. ಯೋಚನೆ ಮಾಡಿ ಮಾಡುವವನು ಯಾರೂ ಹೀಗೆ ಮಾಡುವುದಿಲ್ಲ. ಕಲಿಸಿದವರು ಮಾಡಿದ್ದರು ಎಂದು ಮಾಡುತ್ತಾನೆ, ಅಷ್ಟೇ. ನಮ್ಮ ಕತೆ ತಾಯಿಯ ಉಸಿರು, ಅವರ ಕತೆ ಇಲಿಯ ತುತ್ತು. ಕತೆ ಎರಡಾಯಿತು. ತಪ್ಪು ಒಂದೇ ಉಳಿಯಿತು."

"ಬುಟ್ಟಿ ಹೆಣೆಯೋರೆಲ್ಲ ಹೀಗೇ ಮಾಡ್ತಾರೋ ಏನೋ!"

"ಅದನ್ನೂ ನೋಡೋಣ. ಪೇಟೆಯಿಂದ ತಂದ ಬುಟ್ಟಿ ಯಾರ ಮನೆಯಲ್ಲಾದರೂ ಇದೆಯೇ?"

ಬುಟ್ಟಿ ಹೆಣೆಯುವವರ ಊರಿನಲ್ಲಿ ಪೇಟೆಯ ಬುಟ್ಟಿ ಇಟ್ಟುಕೊಂಡವರು ಒಪ್ಪಿಕೊಳ್ಳುವುದು ಹೇಗೆ? ಎಲ್ಲರೂ ಮುಖ ಮುಖ ನೋಡಿದರು. ಕೊನೆಗೆ ಮೊರದವನ ಹೆಂಡತಿಯೇ ಎದ್ದು ಹೋಗಿ ಒಂದನ್ನು ತಂದಿಟ್ಟಳು.

ಮೊರದವನ ಬಾಯಿ ತೆರೆದದ್ದು ತೆರೆದೇ ಇತ್ತು. "ಇದ್ಯಾವಾಗ ಬಂತು?"

"ನಿಮ್ಮ ಕೈಕೆಲಸ ಸೋರುತ್ತೆ" ಎಂದಳು ಅವಳು. "ಸಾಸಿವೆ ಹಾಕೋಕೆ ಅಂತ ತಂದಿಟ್ಕೊಂಡೆ."

ಆ ದಿನದ ದೊಡ್ಡ ನಗು ಅದೇ. ಹೊಳೆಯವರೂ ನಕ್ಕರು. ಬುಟ್ಟಿಯನ್ನು ಬೋರಲು ಹಾಕಿದರು. ತಳ ಸರಾಗವಾಗಿತ್ತು. ಒಂದರ ಮೇಲೆ, ಒಂದರ ಕೆಳಗೆ, ಕೊನೆಯವರೆಗೆ. ಕಿಂಡಿಯಿಲ್ಲ.

ಬೇರೆಯವನಾಗಿದ್ದರೆ ಅಲ್ಲಿಗೆ ತೀರ್ಪು ಕೊಡುತ್ತಿದ್ದ. ಯಜಮಾನ ಕೊಡಲಿಲ್ಲ. ತನ್ನ ಮನಸ್ಸು ಬಯಸಿದ ಕಡೆಗೇ ಸಾಕ್ಷಿ ಸಿಕ್ಕಿದೆ ಎಂಬುದೇ ಅವನಿಗೆ ಅನುಮಾನ. ಇನ್ನೊಂದು ಕಡೆ ಹುಡುಕಬೇಕೆಂದು ಗುಡಿಗೆ ಹೋದ.

ಆ ಊರಿನ ಗುಡಿಯ ಅಟ್ಟದ ಮೇಲೆ ಒಂದು ರಾಶಿಯಿತ್ತು. ಹೊಸ ಯಜಮಾನನಾದವನು ತನ್ನ ಕೈಯಾರೆ ಒಂದು ಬುಟ್ಟಿ ಹೆಣೆದು, ಹಳೆಯ ಯಜಮಾನನ ಬುಟ್ಟಿಯ ಮೇಲೆ ಇಟ್ಟು ಕೈಮುಗಿಯಬೇಕು. ಅಟ್ಟದ ಮೇಲಿನ ಬುಟ್ಟಿಗಳನ್ನು ಯಾರೂ ಕೆಳಗಿಳಿಸುತ್ತಿರಲಿಲ್ಲ. ಇಳಿಸಬಾರದೆಂಬ ಕಟ್ಟಳೆಯೇನೂ ಇರಲಿಲ್ಲ. ನೋಡಬೇಕೆಂದು ಯಾರಿಗೂ ಅನಿಸಿರಲಿಲ್ಲ, ಅಷ್ಟೇ.

ಯಜಮಾನ ಕೈಮುಗಿದು ಒಂದೊಂದಾಗಿ ಇಳಿಸಿದ. ಮೇಲಿನದು ತನ್ನದು. ಅದರ ಕೆಳಗೆ ಅಪ್ಪನದು. ಅದರ ಕೆಳಗೆ ಅಜ್ಜನದು. ಆಮೇಲೆ ಹೆಸರು ಗೊತ್ತಿಲ್ಲದವರದು. ಇಳಿಸಿದ ಕ್ರಮದಲ್ಲೇ ಗುಡಿಯ ಬಾಗಿಲಿಂದ ಹೊಂಗೆಮರದವರೆಗೆ ಸಾಲಾಗಿ ಇಡಿಸಿದ. ಜನ ಸಾಲಿನುದ್ದಕ್ಕೂ ನಡೆದು ನೋಡಿದರು. ಪಕ್ಕಪಕ್ಕದ ಎರಡು ಬುಟ್ಟಿಗಳಲ್ಲಿ ಹೆಚ್ಚೆಂದರೆ ಬೆರಳಗಲದ ವ್ಯತ್ಯಾಸ. ಇದಕ್ಕಿಂತ ಹಿಂದಿನದರ ಆಳ ಸ್ವಲ್ಪ ಕಡಿಮೆ, ಬಾಯಿ ಸ್ವಲ್ಪ ಅಗಲ. ಆದರೆ ಸಾಲಿನ ಕೊನೆಗೆ ಹೋಗಿ ನಿಂತು ತಿರುಗಿ ಮೊದಲನೆಯದನ್ನು ನೋಡಿದರೆ ಇವು ಒಂದೇ ಊರಿನವೆಂದು ಹೇಳುವಂತಿರಲಿಲ್ಲ.

ಎಲ್ಲಕ್ಕಿಂತ ಅಡಿಯಲ್ಲಿದ್ದ ಬುಟ್ಟಿ ಮುಟ್ಟಿದರೆ ಪುಡಿಯಾಗುವಂತಿತ್ತು. ಹೊಳೆಯ ಹೆಂಗಸು ತನ್ನ ಬುಟ್ಟಿಯನ್ನು ತಂದು ಅದರ ಪಕ್ಕ ಇಟ್ಟಳು. ಅದು ಇವಳದರಷ್ಟು ಅಗಲವಿರಲಿಲ್ಲ, ಬೆಟ್ಟದವರದರಷ್ಟು ಆಳವೂ ಇರಲಿಲ್ಲ. ಅದು ಇವರದೂ ಅಲ್ಲ, ಅವರದೂ ಅಲ್ಲ. ಇಬ್ಬರಿಗೂ ಹತ್ತಿರದ್ದು. ಅದರ ತಳದ ಮೂಲೆಯಲ್ಲೂ ಆ ಕಿಂಡಿಯಿತ್ತು.

ಊರಿನಲ್ಲಿ ಎಲ್ಲರಿಗಿಂತ ಹಿರಿಯಳಾದ ಅಜ್ಜಿಯೊಬ್ಬಳು ಸಾಲಿನ ನಡುವೆ ಕೋಲೂರಿ ನಿಂತಳು. ಅಲ್ಲಿ ಎರಡು ಕಡೆ ಬುಟ್ಟಿಯ ಬದಲು ಗೆದ್ದಲಿನ ಮಣ್ಣಷ್ಟೇ ಇತ್ತು.

"ಇಲ್ಲಿ ಏನಿತ್ತೋ ಯಾರು ಕಂಡರು ಮಗ? ಗೆದ್ದಲು ತಿಂದಿದೆ" ಎಂದಳು.

"ನಾನೂ ಕಂಡಿಲ್ಲ ಅಜ್ಜಿ. ತಿಂದದ್ದರ ಮಾತು ನಾನು ಆಡುವುದಿಲ್ಲ" ಎಂದ ಯಜಮಾನ. "ಉಳಿದದ್ದರಲ್ಲಿ ಸಾಲು ತಪ್ಪಿ ಕೂತದ್ದು ಒಂದನ್ನು ತೋರಿಸು. ಅಡಿಯಲ್ಲಿ ಎಲ್ಲೋ ನನ್ನ ಬುಟ್ಟಿಯಂಥ ಆಳದ್ದು ಒಂದು, ಅಥವಾ ಕಿಂಡಿಯಿಲ್ಲದ ತಳ ಒಂದು. ಒಂದೇ ಒಂದು ಸಿಕ್ಕರೂ ನಾನು ಹೇಳಿದ್ದನ್ನೆಲ್ಲ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ."

ಜನ ಹುಡುಕಿದರು. ಮೊರದವನಂತೂ ಎರಡು ಸಲ ಹುಡುಕಿದ. ಸಿಗಲಿಲ್ಲ.

ಅಜ್ಜಿ ಮತ್ತೆ ಕೇಳಿದಳು. ಈ ಸಲ ದನಿ ಸಣ್ಣದಾಗಿತ್ತು. "ಹಾಗಾದರೆ ನಾವು ಬಿದಿರಿನ ಬೇರಿನಿಂದ ಎದ್ದವರು ಅನ್ನೋ ಮಾತು?"

ಯಜಮಾನ ಅವಳ ಕೈ ಹಿಡಿದುಕೊಂಡ. ಆ ಕತೆಯನ್ನು ಅವನಿಗೆ ಹೇಳಿದವಳು ಅವಳೇ. ಎಷ್ಟೋ ದಿನ ಅದನ್ನು ಕೇಳುತ್ತಲೇ ಅವಳ ತೊಡೆಯ ಮೇಲೆ ನಿದ್ದೆ ಹೋಗಿದ್ದ.

"ಚೆಂದದ ಕತೆ ಅಜ್ಜಿ. ನನ್ನ ಮೊಮ್ಮಕ್ಕಳಿಗೂ ಹೇಳು. ಆದರೆ ಅದನ್ನು ಹಿಡಿದು ಈ ಹನ್ನೊಂದು ಜನರನ್ನು ಇಟ್ಟಿಗೆ ಗೂಡಿಗೆ ಕಳಿಸಲಾರೆ."

ಅಜ್ಜಿ ತನ್ನ ಕಿರುಬೆರಳನ್ನು ನೋಡಿಕೊಂಡಳು. ಆಮೇಲೆ, "ಆ ಬೆರಳು ಯಾಕೆ ಮಡಿಚೋದು, ಅದನ್ನಾದರೂ ಹೇಳು" ಎಂದಳು.

"ಗೊತ್ತಿಲ್ಲ. ಮೊದಲು ಹೆಣೆದವರ ಆ ಬೆರಳಿಗೆ ಗಾಯವಾಗಿತ್ತೋ, ಆ ಬೆರಳೇ ಇರಲಿಲ್ಲವೋ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುತ್ತೇನೆ. ನಮಗೂ ಅವರಿಗೂ ಕಲಿಸಿದ ಕೈ ಒಂದೇ ಎಂಬುದಷ್ಟು ಗೊತ್ತು."

ಸೂರ್ಯ ನೆತ್ತಿಗೆ ಬಂದಿದ್ದ. ಯಜಮಾನ ತನ್ನ ಸೊಂಟದ ಮಚ್ಚು ತೆಗೆದು, ಹಿಡಿ ಮುಂದೆ ಮಾಡಿ ಹೊಳೆಯ ಹೆಂಗಸಿಗೆ ಚಾಚಿದ.

"ನನ್ನ ಪಾಲಿನ ಮೆಳೆಯಿಂದ ಶುರು ಮಾಡು ತಂಗಿ. ಮೂರು ವರ್ಷ ತುಂಬದ್ದಕ್ಕೆ ಕೈ ಹಾಕಿದರೆ ಮಾತ್ರ ಒಡಹುಟ್ಟಿದವಳು ಅಂತಲೂ ನೋಡುವುದಿಲ್ಲ."

ಅವಳು ಎರಡೂ ಕೈಯಿಂದ ಮಚ್ಚು ತೆಗೆದುಕೊಂಡಳು. ಅದರ ಹಿಡಿಯನ್ನು ಕಣ್ಣಿಗೊತ್ತಿಕೊಂಡಳು. ಅವಳನ್ನು ಆ ಸಂಕಟದಿಂದ ಪಾರು ಮಾಡಿದವನು ಮೊರದವನು.

"ಅಳೋದೆಲ್ಲ ಆಮೇಲೆ ಕಣವ್ವ" ಎಂದ. "ನಿಮ್ಮ ಆ ಅಂಟು ಯಾವ ಮರದ್ದು, ಮೊದಲು ಅದನ್ನು ಹೇಳು. ನನ್ನ ಮನೇಲಿ ಮರ್ಯಾದೆ ಹೋಗ್ತಾ ಇದೆ."

*

ಮೇಷ್ಟ್ರು ಕತೆ ನಿಲ್ಲಿಸಿದರು. ಚೆಲುವಾಂಬೆ ಬಹಳ ಹೊತ್ತು ತನ್ನ ಎಡಗೈಯನ್ನೇ ನೋಡುತ್ತ ಕುಳಿತಿದ್ದಳು. ಆ ಹೆಂಗಸು ಮಚ್ಚಿಗೆ ಕೈಚಾಚಿದ ಗಳಿಗೆಯಲ್ಲೇ ಅವಳ ಮನಸ್ಸು ಇನ್ನೂ ನಿಂತಿತ್ತು.

ಕೊನೆಗೆ ಮೆಲ್ಲನೆ ಹೇಳಿದಳು: "ಹಾರುವುದಕ್ಕೂ ಈಜುವುದಕ್ಕೂ ಬರೆಯುವುದಕ್ಕೂ ಒಂದೇ ಜೋಡಣೆಯ ಮೂಳೆ ಬೇಕಾಗಿರಲಿಲ್ಲ. ಆದರೂ ಒಂದೇ ಇದೆ. ಪಳೆಯುಳಿಕೆ ಹೊತ್ತ ಬಂಡೆಯ ಪದರಗಳೇ ಗುಡಿಯ ಅಟ್ಟ. ಇಷ್ಟನ್ನು ನಾಳೆ ಹೇಳಬಲ್ಲೆ ಮೇಷ್ಟ್ರೇ."

"ಹೇಳು."

"ಆದರೆ ಅವಳು ಚುರುಕಿನ ಹುಡುಗಿ. ಸುಮ್ಮನಾಗುವುದಿಲ್ಲ. ತಿಮಿಂಗಿಲವನ್ನೂ ಬಂಡೆಯನ್ನೂ ನಾನೆಲ್ಲಿ ನೋಡಲಿ ಮಿಸ್, ಆ ಕಿಂಡಿಯಂಥದು ನನ್ನ ಮೈಯಲ್ಲೇ ಇದ್ದರೆ ತೋರಿಸಿ ಅಂದರೆ?"

ಹೇಳುತ್ತ ಹೇಳುತ್ತ ಅವಳ ಮೈ ಜುಮ್ಮೆಂದಿತು. ಚಳಿಗೆ ಸಿಕ್ಕ ಬೆಕ್ಕಿನ ತುಪ್ಪಳ ಕೆದರಿ ನಿಲ್ಲುವಂತೆ ಅವಳ ಮುಂಗೈಯ ರೋಮಗಳೆಲ್ಲ ಎದ್ದು ನಿಂತವು. ಅವಳು ನಾಚಿ ಸೆರಗಿನಿಂದ ಕೈ ಮುಚ್ಚಿಕೊಳ್ಳಹೋದಳು.

ಮೇಷ್ಟ್ರು ಆ ಕೈಯನ್ನು ಮೆಲ್ಲನೆ ಹಿಡಿದು ಅವಳ ಕಣ್ಣ ಮುಂದಕ್ಕೇ ತಂದರು.

"ತುಪ್ಪಳವೇ ಇಲ್ಲದ ಈ ಕೈಯಲ್ಲಿ, ಮಗು, ರೋಮಗಳು ಯಾರ ಚಳಿ ತಡೆಯಲು ಎದ್ದು ನಿಂತಿವೆ?"